ಪ್ಲಾಸ್ಟಿಕ್ ತಲೆಯೊಳಗೆ ಡೋಸ್ ಅಳೆಯುವುದು

ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಯಲ್ಲಿ ಸ್ವಲ್ಪ ಹೊತ್ತು ಕೂತರೆ ರಾಜ್ಯದ ಎಲ್ಲ ಕಡೆಯ ಕನ್ನಡ ಕಿವಿಗೆ ಬೀಳುತ್ತದೆ. ಬಾಯಿ, ಗಂಟಲಿನ ಕ್ಯಾನ್ಸರಿಗೆ ‘ಕರೆಂಟ್ ಕೊಡಿಸೋಕೆ’, ಅಂದರೆ ರೇಡಿಯೇಷನ್ ಚಿಕಿತ್ಸೆಗೆ, ಬಂದವರೂ ಅಲ್ಲಿರುತ್ತಾರೆ. ಇಂಥವರು ಬೆಂಗಳೂರಿನಲ್ಲಿ ಆರೇಳು ವಾರ ಉಳಿಯಬೇಕು. ಸಾಮಾನ್ಯವಾಗಿ ಒಟ್ಟು 60ರಿಂದ 70 ಗ್ರೇ (ಮೈ ಹೀರಿಕೊಳ್ಳುವ ರೇಡಿಯೇಷನ್ನಿನ, ಅಂದರೆ ಡೋಸಿನ ಅಳತೆ) ರೇಡಿಯೇಷನ್ನನ್ನು ದಿನಕ್ಕೆ 2 ಗ್ರೇಯಂತೆ, ವಾರಕ್ಕೆ ಐದು ದಿನ ಕೊಡುತ್ತಾರೆ. ಗಡ್ಡೆಯಿಂದ ಕೆಲವೇ ಸೆಂಟಿಮೀಟರ್ ಹಿಂದೆ ಬೆನ್ನುಹುರಿ ಇರುತ್ತದೆ. ಅಲ್ಲಿ 45–50 ಗ್ರೇ ದಾಟದಂತೆ ನೋಡಿಕೊಳ್ಳುತ್ತಾರೆ. ಗಡ್ಡೆಗೆ ಕಡಿಮೆ ಬಿದ್ದರೆ ಕ್ಯಾನ್ಸರ್ ಉಳಿದುಬಿಡಬಹುದು, ಹುರಿಗೆ ಜಾಸ್ತಿ ಬಿದ್ದರೆ ಕೈಕಾಲಿನ ಸ್ವಾಧೀನ ಹೋಗಬಹುದು.

ಎಲ್ಲಿ ಎಷ್ಟು ಬೀಳುತ್ತದೆ ಅಂತ ಸಿಟಿ ಸ್ಕ್ಯಾನ್ ನೋಡಿ ಲೆಕ್ಕ ಹಾಕುವುದು ಕಂಪ್ಯೂಟರ್. ಚಿಕಿತ್ಸೆ ಶುರುವಾಗುವ ಮೊದಲು ಫಿಸಿಸಿಸ್ಟ್‌ಗಳು ರೋಗಿ ಇಲ್ಲದೆ ಅದೇ ಪ್ಲಾನನ್ನು ಮಷೀನಿನಲ್ಲಿ ಓಡಿಸುತ್ತಾರೆ. ಟೇಬಲ್ ಮೇಲೆ ನೀರಿನಷ್ಟೇ ಸಾಂದ್ರತೆಯ ಪ್ಲಾಸ್ಟಿಕ್ ಹಲಗೆಗಳು, ನಡುವೆ ಡಿಟೆಕ್ಟರ್. ಇದನ್ನು ಫ್ಯಾಂಟಮ್ ಅಂತಾರೆ. ಹೇಳಿದಷ್ಟು ರೇಡಿಯೇಷನ್ನನ್ನು ಮಷೀನು ಕೊಡುತ್ತಿದೆಯಾ ಅನ್ನುವುದು ಇದರಿಂದ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಹಲಗೆಗೆ ಮೂಗಿಲ್ಲ, ದವಡೆಯಿಲ್ಲ, ಶ್ವಾಸನಾಳ ಇಲ್ಲ. ಲೆಕ್ಕ ಕಷ್ಟವಾಗುವುದು ಅಲ್ಲೇ ಅಲ್ವಾ?

ಯಾಕೆ ಕಷ್ಟ? ಎಕ್ಸ್‌ರೇ ಕಿರಣ ಮೈಗೆ ಹೊಕ್ಕಾಗ ಎಲೆಕ್ಟ್ರಾನುಗಳನ್ನು ಎಬ್ಬಿಸುತ್ತದೆ. ಡೋಸ್ ಕೊಡುವುದು ಆ ಎಲೆಕ್ಟ್ರಾನುಗಳು. 6 ಎಂವಿ (ಮೆಗಾವೋಲ್ಟ್) ಶಕ್ತಿಯ ಕಿರಣದಲ್ಲಿ ಡೋಸ್ ಪೂರ್ತಿ ಏರುವುದು ಚರ್ಮದಿಂದ ಸುಮಾರು 1.5 ಸೆಂಟಿಮೀಟರ್ ಒಳಗೆ. ಕಿರಣ ಗಂಟಲಿನ ಗಾಳಿ ದಾಟಿ ಮತ್ತೆ ಮಾಂಸಕ್ಕೆ ಬಂದಾಗಲೂ ಸ್ವಲ್ಪ ದೂರ ಹೀಗೇ ಏರಬೇಕಾಗುತ್ತದೆ. ಹಾಗಾಗಿ ಗಾಳಿಗೆ ತಾಗಿಕೊಂಡಿರುವ ಪದರಕ್ಕೆ ಡೋಸ್ ಕಡಿಮೆ ಬೀಳಬಹುದು. ಗಂಟಲಿನ ಗಡ್ಡೆ ಎಷ್ಟೋ ಸಲ ಬೆಳೆಯುವುದು ಸರಿಯಾಗಿ ಆ ಪದರದಲ್ಲೇ. ಸರಳ ಲೆಕ್ಕದ ವಿಧಾನಗಳು ಈ ಕೊರತೆಯನ್ನು ಕಾಣದೆ ಹೋಗುತ್ತವೆ.

ಅದಕ್ಕೇ ರೋಗಿಯ ಸಿಟಿ ಸ್ಕ್ಯಾನಿನಿಂದಲೇ ಅವರ ತಲೆ, ಕುತ್ತಿಗೆಯನ್ನು 3ಡಿ ಪ್ರಿಂಟರಿನಲ್ಲಿ ಅಚ್ಚು ಹಾಕುವ ದಾರಿ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಮೊದಲಿಂದಲೂ ನಿಜವಾದ ಅಸ್ಥಿಪಂಜರ ಒಳಗಿಟ್ಟ, 2.5 ಸೆಂಟಿಮೀಟರ್ ದಪ್ಪದ ಬಿಲ್ಲೆಗಳಾಗಿ ಕತ್ತರಿಸಿದ ರೆಡಿಮೇಡ್ ಫ್ಯಾಂಟಮ್‌ಗಳಿವೆ. ಅವು ಸರಾಸರಿ ಮನುಷ್ಯನ ಅಳತೆಯವು. ಆಪರೇಷನ್ನಿನಲ್ಲಿ ಅರ್ಧ ದವಡೆ ತೆಗೆಸಿಕೊಂಡು ಬಂದವರ ಮುಖ ಅದರಲ್ಲಿಲ್ಲ.

ಪ್ರಿಂಟಿಂಗಿನ ಅಸಲಿ ಕೆಲಸ ಇರುವುದು ಆಕಾರದಲ್ಲಲ್ಲ, ಸಾಂದ್ರತೆಯಲ್ಲಿ. ಪ್ರಿಂಟರಿಗೆ ಸಾಮಾನ್ಯವಾಗಿ ಹಾಕುವ ಪಿಎಲ್ಎ ಪ್ಲಾಸ್ಟಿಕ್ಕಿನ ಸಾಂದ್ರತೆ ಸುಮಾರು 1.24, ನೀರಿಗಿಂತ ಜಾಸ್ತಿ. ಗಟ್ಟಿಯಾಗಿ ತುಂಬಿಸದೆ, ಒಳಗೆ ಜೇನುಗೂಡಿನ ಹಾಗೆ ಜಾಗ ಬಿಟ್ಟು ಶೇ 80ರಷ್ಟು ತುಂಬಿಸಿದರೆ ಮಾಂಸದ ಹತ್ತಿರ ಬರುತ್ತದೆ. ಶೇ 25ರ ಆಸುಪಾಸಿಗೆ ಇಳಿಸಿದರೆ ಶ್ವಾಸಕೋಶಕ್ಕೆ ಹತ್ತಿರ. ಮೂಳೆಯ ಜಾಗವನ್ನು ಟೊಳ್ಳು ಬಿಟ್ಟು ಜಿಪ್ಸಮ್ ಹೊಯ್ಯುವುದುಂಟು. ಆಮೇಲೆ ಮಾದರಿಯನ್ನೇ ಸಿಟಿಗೆ ಹಾಕಬೇಕು. ಸಿಟಿಯ ಅಳತೆಗೋಲಿನಲ್ಲಿ ನೀರಿಗೆ 0, ಗಾಳಿಗೆ ಮೈನಸ್ 1000. ಮಾಂಸ ಅಂದುಕೊಂಡ ಜಾಗದಲ್ಲಿ ಗಾಳಿಯ ಪೊಳ್ಳು ಉಳಿದಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಮಾದರಿಯನ್ನು ಬಿಲ್ಲೆಗಳಾಗಿಯೇ ಪ್ರಿಂಟ್ ಮಾಡಿದರೆ ನಡುವೆ ಫಿಲ್ಮ್ ಇಡಬಹುದು. ರೇಡಿಯೇಷನ್ ಬಿದ್ದ ಕಡೆ ಈ ಫಿಲ್ಮ್ ತಾನಾಗೇ ಕಪ್ಪಾಗುತ್ತದೆ, ಡಾರ್ಕ್ ರೂಮ್ ಬೇಡ. ಬಣ್ಣ ನಿಲ್ಲಲಿ ಅಂತ ಸಾಮಾನ್ಯವಾಗಿ ಮಾರನೇ ದಿನದವರೆಗೆ ಕಾದು, ಸ್ಕ್ಯಾನ್ ಮಾಡಿ, ಕಂಪ್ಯೂಟರಿನ ಲೆಕ್ಕದ ಜೊತೆ ಹೋಲಿಸುತ್ತಾರೆ. ಡೋಸಿನಲ್ಲಿ ಶೇ 3, ಜಾಗದಲ್ಲಿ 2 ಮಿಲಿಮೀಟರ್ ಅನ್ನುವ ಮಿತಿ ಇಟ್ಟುಕೊಂಡರೆ ಶೇ 95ರಷ್ಟು ಬಿಂದುಗಳಾದರೂ ಪಾಸಾಗಬೇಕು. ನಾನಾದರೆ ಒಟ್ಟು ಶೇಕಡಾವಾರಿಗೆ ಸಮಾಧಾನ ಪಡುವುದಿಲ್ಲ. ಪಾಸಾಗದ ಬಿಂದುಗಳು ಎಲ್ಲಿವೆ ಅಂತ ಮೊದಲು ನೋಡುತ್ತೇನೆ. ಕೆನ್ನೆಯ ಅಂಚಿನಲ್ಲಿದ್ದರೆ ಒಂದು ಮಾತು, ಗಡ್ಡೆಯ ಒಳಗಿದ್ದರೆ ಬೇರೆಯೇ ಮಾತು.

ಎಲ್ಲ ರೋಗಿಗೂ ಇದು ಬೇಕಿಲ್ಲ. ಒಂದು ತಲೆ ಪ್ರಿಂಟ್ ಆಗಲು ಒಂದು ದಿನಕ್ಕಿಂತ ಜಾಸ್ತಿ ಹಿಡಿಯಬಹುದು. ಸುಮ್ನೆ ಕಾಯಿಸಿದರೆ ಗಡ್ಡೆ ಕಾಯುವುದಿಲ್ಲ. ಮುಖದ ರಚನೆ ಬದಲಾದವರಿಗೆ, ಒಮ್ಮೆ ರೇಡಿಯೇಷನ್ ಆದ ಜಾಗಕ್ಕೇ ಮತ್ತೆ ಕೊಡಬೇಕಾದವರಿಗೆ ಇದನ್ನು ಮೀಸಲಿಡುವುದು ಒಳ್ಳೆಯದು.

ಇನ್ನೊಂದು ಮಿತಿಯೂ ಇದೆ. ಚಿಕಿತ್ಸೆ ನಡೆಯುತ್ತಾ ಬಾಯಿ ಹುಣ್ಣಾಗಿ ಊಟ ಸೇರದೆ ರೋಗಿ ಇಳಿದುಹೋಗುತ್ತಾರೆ. ತಲೆ ಅಲುಗದಂತೆ ಹಾಕುವ ಮಾಸ್ಕ್ ಸಡಿಲವಾಗುತ್ತದೆ. ಪ್ರಿಂಟ್ ಮಾಡಿದ ತಲೆ ಮಾತ್ರ ಮೊದಲ ಸ್ಕ್ಯಾನಿನ ದಿನದ್ದೇ. ಮಾಸ್ಕಿನೊಳಗೆ ಬೆರಳು ಆಡುವಷ್ಟು ಜಾಗ ಕಂಡರೆ ಟೆಕ್ನಿಷಿಯನ್ನಿಗೆ ಅವತ್ತೇ ಹೇಳಬೇಕು. ಬೇಕಾದರೆ ಹೊಸ ಮಾಸ್ಕ್ ಮಾಡಿ, ಹೊಸ ಸಿಟಿ ತೆಗೆದು, ಲೆಕ್ಕವನ್ನು ಮತ್ತೆ ಹಾಕುತ್ತಾರೆ.