ದೂರು ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ?

ಪ್ರಶ್ನೆ: ಮಕ್ಕಳಿಗೆ ಅಂತಲೇ ಒಂದು ಇಲಾಖೆ ಇದೆ, ಪೊಲೀಸರಿದ್ದಾರೆ, ಮಕ್ಕಳ ಕಲ್ಯಾಣ ಸಮಿತಿ ಇದೆ. ಇಷ್ಟೆಲ್ಲ ಇರುವಾಗ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಅಂತ ಇನ್ನೊಂದು ಯಾಕೆ ಬೇಕು?

ಉತ್ತರ: ನಾನು ಓದಿದ ಹೈಸ್ಕೂಲಿನಲ್ಲಿ ಆಫೀಸ್ ರೂಮಿನ ಬಾಗಿಲ ಪಕ್ಕ ಒಂದು ದೂರು ಪೆಟ್ಟಿಗೆ ಇತ್ತು. ಹಸಿರು ಬಣ್ಣ ಬಳಿದ ತಗಡಿನ ಡಬ್ಬ, ಪುಟ್ಟ ಬೀಗ. ಬೀಗದ ಕೈ ಇದ್ದದ್ದು ಹೆಡ್‌ಮಾಸ್ಟರ ಮೇಜಿನ ಡ್ರಾಯರಿನಲ್ಲಿ. ನಮ್ಮ ದೂರೆಲ್ಲ ಅವರ ಬೆತ್ತದ ಮೇಲೆಯೇ! ಹೆಸರು ಬರೆಯದಿದ್ದರೂ ಕೈಬರಹ ಗೊತ್ತಾಗದೆ ಇರುತ್ತಾ? ಮೂರು ವರ್ಷದಲ್ಲಿ ಅದರೊಳಗೆ ಬಿದ್ದದ್ದು ಚಾಕೊಲೇಟ್ ಕಾಗದ ಮಾತ್ರ.

ಆಯೋಗ ಬೇಕಾಗಿರುವುದು ಇದಕ್ಕೇ. ಹಾಸ್ಟೆಲ್ ನಡೆಸುವುದು ಇಲಾಖೆ. ಅನ್ನದಲ್ಲಿ ಹುಳ ಬಂತು ಅಂತ ಹುಡುಗಿಯೊಬ್ಬಳು ಹೇಳಿದರೆ ವಿಚಾರಿಸಲು ಬರುವವರೂ ಅದೇ ಇಲಾಖೆಯವರು. ದೊಡ್ಡವರಾದರೆ ‘ಓಟು ಕೇಳೋಕೆ ಬನ್ನಿ, ನೋಡ್ಕೋತೀವಿ’ ಅಂತಾದರೂ ಗದರಿಸಬಹುದು. ಮಕ್ಕಳಿಗೆ ಓಟೂ ಇಲ್ಲ, ವಕೀಲರ ಫೀಸಿಗೆ ದುಡ್ಡೂ ಇಲ್ಲ.

ಇದಕ್ಕೆ ದೊಡ್ಡ ಬೆಲೆ ತೆತ್ತು ಪಾಠ ಕಲಿತದ್ದು ಬ್ರಿಟನ್ನಿನ ಭಾಗವಾದ ವೇಲ್ಸ್. ಅದರ ಉತ್ತರ ಭಾಗದಲ್ಲಿ ಸರ್ಕಾರಿ ಆಶ್ರಯದಲ್ಲಿದ್ದ ಮಕ್ಕಳ ಮೇಲೆ, 1974ರಿಂದ ಎಷ್ಟೋ ವರ್ಷ, ನೋಡಿಕೊಳ್ಳಬೇಕಾದವರೇ ದೌರ್ಜನ್ಯ ಮಾಡಿದರು. ಕೆಲವು ಮಕ್ಕಳು ಬಾಯಿಬಿಟ್ಟು ಹೇಳಿದರು ಕೂಡ. ಹೇಳಿದ್ದು ಯಾರಿಗೆ? ಅದೇ ವ್ಯವಸ್ಥೆಯವರಿಗೆ. ಎಷ್ಟೋ ಮಾತು ಅಲ್ಲೇ ಹೂತುಹೋಯಿತು. ಕೊನೆಗೆ ನ್ಯಾಯಾಧೀಶ ರೊನಾಲ್ಡ್ ವಾಟರ್‌ಹೌಸ್ ವಿಚಾರಣೆ ನಡೆಸಿ, 2000ದಲ್ಲಿ 72 ಶಿಫಾರಸು ಕೊಟ್ಟರು. ಮೊಟ್ಟಮೊದಲನೆಯದೇ ಇದು: ಮಕ್ಕಳಿಗಾಗಿ ಸ್ವತಂತ್ರ ಕಮಿಷನರ್ ಬೇಕು. ಮರುವರ್ಷವೇ ಪೀಟರ್ ಕ್ಲಾರ್ಕ್ ಆ ಹುದ್ದೆಗೆ ಬಂದರು. ಅವರನ್ನು ಆರಿಸುವಾಗ ಮಕ್ಕಳೂ ಕೂತು ಪ್ರಶ್ನೆ ಕೇಳಿದ್ದರು. ನನಗೆ ತುಂಬ ಇಷ್ಟವಾದ ಸಂಗತಿ ಅದು. (ಇಂಥ ಹುದ್ದೆಯನ್ನು ಜಗತ್ತಿನಲ್ಲೇ ಮೊದಲು ಮಾಡಿದ್ದು ನಾರ್ವೆ, 1981ರಲ್ಲಿ.)

ನಮ್ಮಲ್ಲಿ 2005ರ ಕಾಯ್ದೆಯಡಿ ಆಯೋಗಗಳು ಬಂದವು. ಕರ್ನಾಟಕದ್ದು ಶುರುವಾಗಿದ್ದು 2009ರಲ್ಲಿ. ಒಬ್ಬರು ಅಧ್ಯಕ್ಷರು, ಆರು ಸದಸ್ಯರು. ಕಲ್ಯಾಣ ಸಮಿತಿಗೂ ಇದಕ್ಕೂ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಮನೆ ಬಿಟ್ಟು ಬಂದ ಹುಡುಗ ಇವತ್ತು ರಾತ್ರಿ ಎಲ್ಲಿ ಮಲಗಬೇಕು ಅಂತ ತೀರ್ಮಾನಿಸುವುದು ಸಮಿತಿ. ಅವನನ್ನು ಇಟ್ಟ ಬಾಲಮಂದಿರ ಸರಿ ಇದೆಯಾ, ಅಧಿಕಾರಿಗಳು ಕೆಲಸ ಮಾಡಿದರಾ ಅಂತ ಕೇಳುವುದು ಆಯೋಗ. ಯಾರೂ ದೂರು ಕೊಡದಿದ್ದರೂ, ಪೇಪರಿನ ಸುದ್ದಿ ನೋಡಿ ತಾನಾಗಿಯೇ ಕೇಸು ಎತ್ತಿಕೊಳ್ಳಬಹುದು. ಸಿವಿಲ್ ಕೋರ್ಟಿನ ಹಾಗೆ ಸಮನ್ಸ್ ಕಳಿಸಬಹುದು, ಕಡತ ತರಿಸಬಹುದು, ಹೈಕೋರ್ಟಿಗೂ ಹೋಗಬಹುದು. ಶಿಕ್ಷಣ ಹಕ್ಕು ಕಾಯ್ದೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆ ಸರಿಯಾಗಿ ಜಾರಿಯಾಗುತ್ತಿದೆಯಾ ಅಂತ ನೋಡುವ ಹೊಣೆಯೂ ಅದರದ್ದೇ.

ಶಿಕ್ಷೆ ಕೊಡುವ ಅಧಿಕಾರ ಮಾತ್ರ ಇಲ್ಲ. ವಿಚಾರಣೆ ಮುಗಿದ ಮೇಲೆ ಸರ್ಕಾರಕ್ಕೆ ಶಿಫಾರಸು ಮಾಡಬಹುದು, ಇಲ್ಲವೇ ಕೋರ್ಟಿಗೆ ಹೋಗಬಹುದು, ಅಷ್ಟೇ. ಆದರೂ ಆಯೋಗದ ವರದಿಯನ್ನು ಸರ್ಕಾರ ಶಾಸನಸಭೆಯ ಮುಂದೆ ಇಡಲೇಬೇಕು. ಯಾವುದಾದರೂ ಶಿಫಾರಸು ಒಪ್ಪದಿದ್ದರೆ ಯಾಕೆ ಅಂತ ಕಾರಣವನ್ನೂ ಕೊಡಬೇಕು.

ಇಷ್ಟಾದರೂ ನಮ್ಮ ಆಯೋಗವನ್ನು ಪೂರ್ತಿ ಸ್ವತಂತ್ರ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಅಧ್ಯಕ್ಷರ ಹೆಸರು ಸೂಚಿಸುವ ಆಯ್ಕೆ ಸಮಿತಿಗೆ ಸಂಬಂಧಪಟ್ಟ ಮಂತ್ರಿಗಳದ್ದೇ ಅಧ್ಯಕ್ಷತೆ. ನೇಮಕ ಸರ್ಕಾರದ್ದು, ದುಡ್ಡೂ ಸರ್ಕಾರದ್ದು. ಬೆತ್ತದ ಮೇಲಿನ ದೂರು ಕೇಳುವವರನ್ನು ಹೆಡ್‌ಮಾಸ್ಟರೇ ಆರಿಸಿದ ಹಾಗೆ, ಅಲ್ವಾ? ಹಾಗಂತ ಆಯೋಗ ಸುಮ್ನೆ ದಂಡ ಅಂತ ನಾನು ಹೇಳುತ್ತಿಲ್ಲ. ಗಟ್ಟಿ ಮನುಷ್ಯರು ಕೂತಾಗ ಇದೇ ಕಾಯ್ದೆ ಇಟ್ಟುಕೊಂಡು ಜಾಸ್ತಿ ಕೆಲಸ ಮಾಡಬಹುದು.

ಮಗುವಿಗೆ ಈಗಲೇ ಅಪಾಯ ಇದ್ದರೆ ಆಯೋಗಕ್ಕೆ ಬರೆಯುತ್ತಾ ಕೂರಬೇಡಿ, ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಉಳಿದ ದೂರನ್ನು ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆದರೆ ಸಾಕು. ಏನಾಯಿತು, ಎಲ್ಲಿ, ಯಾವಾಗ, ಮೊದಲು ಯಾರಿಗೆ ಹೇಳಿದಿರಿ, ಅವರು ಏನಂದರು ಅಂತ ಬರೆಯಿರಿ. ಕೊನೆಯ ಎರಡನ್ನು ಬಿಡಬೇಡಿ, ಆಯೋಗ ಅಧಿಕಾರಿಗಳನ್ನು ಪ್ರಶ್ನಿಸುವುದು ಅದನ್ನು ಹಿಡಿದುಕೊಂಡೇ.