381 ದಿನದ ಪೆಟ್ರೋಲ್ ದುಡ್ಡು ಯಾರ ಅಡುಗೆಮನೆಯಿಂದ ಬಂತು?

ಪ್ರಶ್ನೆ: ಬಸ್ಸಿನಲ್ಲಿ ಕರಿಯರನ್ನು ಬಿಳಿಯರಿಂದ ಬೇರೆ ಕೂರಿಸುತ್ತಿದ್ದುದನ್ನು ವಿರೋಧಿಸಿ ಅಮೆರಿಕದ ಮಾಂಟ್ಗಮರಿಯಲ್ಲಿ ಕಪ್ಪು ಜನ 381 ದಿನ ಬಸ್ ಹತ್ತಲಿಲ್ಲ ಅಂತ ಓದಿದ್ದೇನೆ. ಅಷ್ಟು ದಿನ ಕೆಲಸಕ್ಕೆ ಹೇಗೆ ಹೋದರು? ಖರ್ಚಿಗೆ ದುಡ್ಡು ಎಲ್ಲಿತ್ತು?

ಉತ್ತರ: ಎಷ್ಟೋ ಜನ ನಡೆದೇ ಹೋದರು. ಉಳಿದವರಿಗಾಗಿ ಊರಿನವರೇ ಸುಮಾರು 300 ಕಾರು ಓಡಿಸಿದರು. ಅದಕ್ಕೆಲ್ಲ ದಿನಾ ಪೆಟ್ರೋಲ್ ಬೇಕಲ್ವಾ? ಹೊರಗಿನಿಂದ ದೇಣಿಗೆ ಬಂದಿದ್ದು ನಿಜ. ಆದರೆ ಊರೊಳಗಿನ ದುಡ್ಡಿನ ಮಾತು ಬಂದರೆ ನಾನು ಮೊದಲು ಹೇಳುವ ಹೆಸರು ಜಾರ್ಜಿಯಾ ಗಿಲ್ಮೋರ್.

ಅವರು ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದರು. 1955ರ ಡಿಸೆಂಬರಿನಲ್ಲಿ ಚಳವಳಿ ಶುರುವಾದಾಗ ಗೆಳತಿಯರ ಜೊತೆ 14 ಡಾಲರ್ ಒಟ್ಟುಹಾಕಿ ಕೋಳಿ, ಬ್ರೆಡ್, ಸೊಪ್ಪು ತಂದರು. ಕೋಳಿ ಕರಿದು, ಸ್ಯಾಂಡ್‌ವಿಚ್ ಮಾಡಿ, ಚರ್ಚಿನ ಸಭೆಗೆ ಬಂದವರಿಗೆ ಮಾರಿದರು. ಆಮೇಲೆ ಕೇಕು, ಸಿಹಿಗೆಣಸಿನ ಪೈ. ಬ್ಯೂಟಿ ಪಾರ್ಲರುಗಳಲ್ಲೂ ವ್ಯಾಪಾರ ಆಯಿತು.

ಗುಂಪಿನಲ್ಲಿದ್ದ ಅನೇಕರು ಬಿಳಿಯರ ಮನೆಗೆಲಸದವರು. ಹೆಸರು ಹೊರಬಿದ್ದರೆ ಕೆಲಸ ಹೋಯಿತು ಅಂತಲೇ ಲೆಕ್ಕ. ಅದಕ್ಕೇ ಗುಂಪಿಗೆ 'ಕ್ಲಬ್ ಫ್ರಮ್ ನೋವೇರ್' ಅಂತ ಹೆಸರಿಟ್ಟರು. ದುಡ್ಡು ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ 'ಎಲ್ಲಿಂದಲೂ ಇಲ್ಲ' ಅನ್ನಬಹುದಿತ್ತು. ಯಾರು ಕೊಟ್ಟರು ಅನ್ನುವುದು ಜಾರ್ಜಿಯಾ ಅವರ ಹೊಟ್ಟೆಯಲ್ಲೇ ಇರುತ್ತಿತ್ತು. ಸೋಮವಾರದ ಸಭೆಯಲ್ಲಿ ಅವರು ಎದ್ದು ವಾರದ ಲೆಕ್ಕ ಹೇಳಿದರೆ ಜನ ಕಾಲಿನಿಂದ ನೆಲ ಕುಟ್ಟಿ ಚಪ್ಪಾಳೆ ಹೊಡೆಯುತ್ತಿದ್ದರು.

ತಮ್ಮ ಹೆಸರನ್ನು ಮಾತ್ರ ಅವರು ಮುಚ್ಚಿಡಲಿಲ್ಲ. ಈ ಚಳವಳಿಗಾಗಿ ಅದರ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಅವರ ಮೇಲೆ ಹಾಕಿದ್ದ ಕೇಸಿನಲ್ಲಿ 1956ರಲ್ಲಿ ಸಾಕ್ಷಿ ಹೇಳಿದರು. ಬಸ್ ಡ್ರೈವರ್ ತಮ್ಮಿಂದ ದುಡ್ಡು ತಗೊಂಡು, ಇಳಿದು ಹಿಂದಿನ ಬಾಗಿಲಿಂದ ಹತ್ತು ಅಂದಿದ್ದ. ಇವರು ಇಳಿದು ಹಿಂದೆ ಹೋಗುವಷ್ಟರಲ್ಲಿ ಬಸ್ ಬಿಟ್ಟೇಬಿಟ್ಟ. ಇದನ್ನು ಕೋರ್ಟಿನಲ್ಲಿ ಹೇಳಿದ ಮೇಲೆ ಅವರ ಕೆಲಸ ಹೋಯಿತು. ಮನೆಯಲ್ಲೇ ಅಡುಗೆ ಶುರು ಮಾಡಿ ಅಂತ ಕಿಂಗ್ ಧೈರ್ಯ ಹೇಳಿ, ದುಡ್ಡಿನ ಸಹಾಯವನ್ನೂ ಮಾಡಿದರು. ಮುಂದೆ ಅವರ ಊಟದ ಮೇಜಿಗೆ ಕರಿಯರೂ ಬಿಳಿಯರೂ ಒಟ್ಟಿಗೆ ಬಂದು ಕೂರತೊಡಗಿದರು. ಆ ಊರಿನಲ್ಲಿ, ಆ ಕಾಲದಲ್ಲಿ!

ಊರಿನ ಪಾರ್ಕುಗಳಲ್ಲಿ ಕರಿಯರನ್ನು ಬಿಳಿಯರಿಂದ ಬೇರೆ ಇಡುತ್ತಿದ್ದುದರ ವಿರುದ್ಧವೂ ಅವರು ಕೋರ್ಟಿಗೆ ಹೋಗಿ ಗೆದ್ದರು.

ಕರಿಯರ ಮತದ ಹಕ್ಕಿಗಾಗಿ ನಡೆದ ಸೆಲ್ಮಾ–ಮಾಂಟ್ಗಮರಿ ನಡಿಗೆಗೆ 1990ರ ಮಾರ್ಚ್‌ನಲ್ಲಿ 25 ವರ್ಷ ತುಂಬಿತ್ತು. ಅದಕ್ಕೆ ಬರುವವರಿಗೆ ಅಡುಗೆ ಮಾಡಿದ್ದ ಜಾರ್ಜಿಯಾ ಅದೇ ಸಮಯದಲ್ಲಿ ತೀರಿಕೊಂಡರು. ಅವರು ಮಾಡಿದ್ದ ಕೋಳಿಯನ್ನೂ ಮ್ಯಾಕರೋನಿಯನ್ನೂ ಮನೆಯವರು ದುಃಖಕ್ಕೆ ಬಂದವರಿಗೆ ಬಡಿಸಿದರು. ಅವರ ಮನೆ ಮುಂದೆ ಈಗ ನೆನಪಿನ ಫಲಕವಿದೆ. ಮಾಂಟ್ಗಮರಿಗೆ ಹೋದರೆ ಕಿಂಗ್ ಅವರ ಚರ್ಚ್ ಜೊತೆಗೆ ಡೆರಿಕೋಟ್ ರಸ್ತೆಯ ಆ ಮನೆಯನ್ನೂ ನೋಡಿ ಬನ್ನಿ.