ತಾರತಮ್ಯ: ಜರಡಿಯಿಂದ ಹೋಂಸ್ಟೇ ಗೇಟಿನವರೆಗೆ

ಚಿಕ್ಕಮಗಳೂರಿನ ಯಾವುದಾದರೂ ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಒಂದು ಗಂಟೆ ನಿಂತರೆ ‘ತಾರತಮ್ಯ’ ಎಂಬ ಪದದ ಹಳೆಯ ಅರ್ಥ ಕಣ್ಣಿಗೇ ಕಾಣುತ್ತದೆ. ಜರಡಿಯ ಕಣ್ಣಿನ ಅಳತೆಗೆ ತಕ್ಕಂತೆ ಬೀಜ ಎ, ಬಿ, ಸಿ ಎಂದು ಬೇರೆಯಾಗುತ್ತದೆ. ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ಗುಂಡು ಬೀಜ ಪಿ.ಬಿ. (ಪೀಬೆರಿ) ಎನಿಸಿಕೊಂಡು ಇನ್ನೊಂದು ಚೀಲ ಸೇರುತ್ತದೆ. ಕಪ್ಪಾದದ್ದು, ಮುರಿದದ್ದು ಏನಿದ್ದರೂ ಆರಿಸುವ ಹೆಂಗಸರ ಬೆರಳಿಗೆ ಸಿಕ್ಕೇ ಸಿಗುತ್ತದೆ. ಸಂಸ್ಕೃತದ ‘ತರ’ ಪ್ರತ್ಯಯ ಎರಡರಲ್ಲಿ ಹೆಚ್ಚಿನದನ್ನು ಹೇಳುತ್ತದೆ, ‘ತಮ’ ಎಲ್ಲಕ್ಕಿಂತ ಹೆಚ್ಚಿನದನ್ನು: ಪ್ರಿಯ, ಪ್ರಿಯತರ, ಪ್ರಿಯತಮ. ಎರಡೂ ಕೂಡಿ ತರತಮ, ಅದರಿಂದ ತಾರತಮ್ಯ. ಮಧ್ವ ಸಿದ್ಧಾಂತದಲ್ಲಿ ದೇವತೆಗಳಿಗೂ ಜೀವರಿಗೂ ಹೇಳುವ ತಾರತಮ್ಯ ಈ ಶ್ರೇಣಿಯೇ. ‘ತಾರತಮ್ಯ ಜ್ಞಾನವಿಲ್ಲ’ ಎಂದು ಹಿರಿಯರು ಗದರಿಸುವಾಗ ಅದಕ್ಕೆ ವಿವೇಚನೆ ಎಂಬ ಅರ್ಥ.

ಕಾನೂನಿನಲ್ಲಿ, ಪತ್ರಿಕೆಗಳಲ್ಲಿ ಇಂದು ಓಡಾಡುವ ಅರ್ಥ ಬೇರೆ. ಬೀಜಕ್ಕೆ ಹಿಡಿಯಬೇಕಾದ ಜರಡಿಯನ್ನು ಮನುಷ್ಯರಿಗೆ ಹಿಡಿದು, ಕೆಳಗೆ ಬಿದ್ದವರಿಗೆ ‘ನಿಮಗೆ ಇಲ್ಲ’ ಎನ್ನುವುದು ಈಗ ತಾರತಮ್ಯ. ಊಟದ ಸಾಲಿಗೆ ಸಂಬಂಧಿಸಿ ನಮ್ಮಲ್ಲಿ ಇದಕ್ಕೆ ಪಂಕ್ತಿಭೇದ ಎಂಬ ಮಾತೇ ಇದೆ.

ಕಳೆದ ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ನಮ್ಮ ಚಿಕ್ಕಪ್ಪನ ಹೋಂಸ್ಟೇಯ ಜಗಲಿಯಲ್ಲಿ ಕುಳಿತಿದ್ದೆ. ಫೋನಿನಲ್ಲಿ ಕೋಣೆ ಕಾದಿರಿಸಿದ್ದ ಇಬ್ಬರು ಯುವತಿಯರು ಸಂಜೆ ಬಂದರು. ಅತಿಥಿಗಳ ಪುಸ್ತಕದಲ್ಲಿ ಹೆಸರು, ಊರು ಬರೆದು, ‘ಸಂಬಂಧ’ ಎಂದಿದ್ದ ಕಡೆ ಒಬ್ಬಳು ‘ಸಂಗಾತಿ’ ಎಂದು ಬರೆದಳು. ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಓದಿದರು. ಪುಸ್ತಕ ಮುಚ್ಚಿ, “ಇದು ದೇವರ ದೀಪ ಹಚ್ಚುವ ಮನೆಯಮ್ಮ, ನಮ್ಮಲ್ಲಿ ಆಗುವುದಿಲ್ಲ” ಎಂದರು. ಮುಂಗಡ ಹಣವನ್ನು ಎಣಿಸಿ ಹಿಂದಿರುಗಿಸಿದರು. ಆ ಇಬ್ಬರು ಟ್ಯಾಕ್ಸಿ ಬರುವವರೆಗೆ ಮುಕ್ಕಾಲು ಗಂಟೆ ಗೇಟಿನ ಹೊರಗೆ ಒಂದೇ ಛತ್ರಿಯ ಕೆಳಗೆ ನಿಂತಿದ್ದರು. ನಾನು ಆಗ ಬಾಯಿ ಬಿಡಲಿಲ್ಲ. ಅದಕ್ಕಾಗಿ ಈಗಲೂ ನಾಚಿಕೆಯಾಗುತ್ತದೆ.

ರಾತ್ರಿ ಊಟವಾದ ಮೇಲೆ ಕೇಳಿದೆ. “ಮನೆ ನನ್ನದಲ್ಲವೇನೋ? ನನ್ನ ಧರ್ಮ ನಾನು ಪಾಲಿಸಬಾರದೇ?” ಎಂದರು. “ಮನೆ ನಿಮ್ಮದೇ ಚಿಕ್ಕಪ್ಪ, ಆದರೆ ಗೇಟಿನ ಮೇಲೆ ಕೋಣೆ ಬಾಡಿಗೆಗೆ ಇದೆ ಎಂದು ಬೋರ್ಡು ಹಾಕಿದ್ದೀರಿ” ಎಂದೆ. ಅಷ್ಟಕ್ಕೇ ಮಾತು ನಿಂತಿತು. ಅವರು ಕೆಟ್ಟವರಲ್ಲ, ಅವರ ಪ್ರಶ್ನೆಯೂ ಪೊಳ್ಳಲ್ಲ. ಆದ್ದರಿಂದಲೇ ಅದಕ್ಕೆ ಸರಿಯಾದ ಉತ್ತರ ಕೊಡಬೇಕು.

ಚಿಕ್ಕಪ್ಪ ಹೇಳಿದ ಹಕ್ಕು ಸಂವಿಧಾನದ 25ನೇ ವಿಧಿಯಲ್ಲಿದೆ. ಎಲ್ಲರಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯವಿದೆ, ತಮ್ಮ ಧರ್ಮವನ್ನು ಆಚರಿಸುವ ಹಕ್ಕಿದೆ. ಆದರೆ ಆ ವಿಧಿ ಶುರುವಾಗುವುದೇ ಒಂದು ಷರತ್ತಿನಿಂದ: ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಅದೇ ಭಾಗದ ಇತರ ವಿಧಿಗಳಿಗೆ ಒಳಪಟ್ಟು. ಆ ಇತರ ವಿಧಿಗಳಲ್ಲಿ 15(2) ಕೂಡ ಒಂದು. ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳದ ಕಾರಣಕ್ಕೆ ಯಾವ ಪ್ರಜೆಗೂ ಅಂಗಡಿ, ಉಪಾಹಾರ ಗೃಹ, ಹೋಟೆಲ್‌ಗಳ ಪ್ರವೇಶ ನಿರಾಕರಿಸುವಂತಿಲ್ಲ ಎನ್ನುತ್ತದೆ ಅದು. ಮೂಲಭೂತ ಹಕ್ಕುಗಳು ಬಹುಮಟ್ಟಿಗೆ ಸರ್ಕಾರವನ್ನು ಕಟ್ಟಿಹಾಕುವಂಥವು. ಆದರೆ ಈ ಉಪವಿಧಿ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಖಾಸಗಿ ಮಾಲೀಕನಿಗೂ ಅನ್ವಯಿಸುತ್ತದೆ. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ‘ಅಂಗಡಿ’ ಎಂದರೇನು ಎಂಬ ಪ್ರಶ್ನೆ ಎದ್ದಾಗ ಅಂಬೇಡ್ಕರ್ ಕೊಟ್ಟ ವಿವರಣೆ ನನಗೆ ಬಹಳ ಮುಖ್ಯವೆನಿಸುತ್ತದೆ. ಕೇಳಿಕೊಂಡು ಬಂದವರಿಗೆ ಸೇವೆ ಒದಗಿಸಲು ಮಾಲೀಕ ಸಿದ್ಧನಿರುವ ಯಾವುದೇ ಜಾಗ ಅಂಗಡಿಯೇ ಎಂದರು ಅವರು. ಒಳಗೆ ಬಿಟ್ಟುಕೊಂಡರಷ್ಟೇ ಸಾಲದು, ಷರತ್ತು ಒಪ್ಪಿದವರಿಗೆ ಸೇವೆಯನ್ನೂ ಕೊಡಬೇಕು ಎಂಬುದು ಅವರ ಅರ್ಥ.

ಆ ಮಾತಿನ ಹಿಂದೆ ನಮ್ಮ ಊರುಗಳೇ ಇವೆ. ಚಹಾ ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ, ಅವರೇ ತೊಳೆದಿಡಬೇಕು. ಕೆಲವು ಕಡೆ ತೆಂಗಿನ ಕರಟ. ಕೇಳಿದರೆ ‘ಶಾಸ್ತ್ರ’ ಎನ್ನುತ್ತಿದ್ದರು, ಹಾಗೆಂದು ನಂಬಿಯೂ ಇದ್ದರು. ಅಮೆರಿಕದಲ್ಲಿಯೂ ಕಪ್ಪು ಜನರನ್ನು ಒಳಗೆ ಕೂರಿಸಿ ಬಡಿಸಲು ಒಪ್ಪದ ಉಪಾಹಾರ ಗೃಹದ ಮಾಲೀಕನೊಬ್ಬ ಇದು ದೇವರ ಇಚ್ಛೆಗೆ ವಿರುದ್ಧ ಎಂದು ವಾದಿಸಿದ್ದ. 1968ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಹುರುಳಿಲ್ಲದ ವಾದವೆಂದು ತಳ್ಳಿಹಾಕಿತು.

15ನೇ ವಿಧಿಯಲ್ಲಿ ಸಲಿಂಗಿ, ತೃತೀಯ ಲಿಂಗಿ ಎಂಬ ಪದಗಳಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಪದಗಳಿಲ್ಲ, ನಿಜ. ಆದರೆ ಅಲ್ಲಿನ ‘ಲಿಂಗ’ದೊಳಗೆ ಲಿಂಗತ್ವ ಗುರುತೂ ಸೇರುತ್ತದೆ ಎಂದು ಸುಪ್ರೀಂ ಕೋರ್ಟ್ 2014ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ತೀರ್ಪಿನಲ್ಲಿ ಹೇಳಿತು. 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ನಿನ ಹಿಡಿತದಿಂದ ವಯಸ್ಕರ ಸಮ್ಮತಿಯ ಸಂಬಂಧವನ್ನು ಬಿಡಿಸಿದಾಗ ಲೈಂಗಿಕ ಒಲವನ್ನೂ ಅದೇ ಪದದೊಳಗೆ ಓದಲಾಯಿತು. ತೃತೀಯ ಲಿಂಗಿಗಳಿಗಾಗಿ 2019ರಲ್ಲಿ ಬಂದ ಕಾಯ್ದೆಯ 3ನೇ ಸೆಕ್ಷನ್, ಸಾರ್ವಜನಿಕರಿಗೆ ದೊರೆಯುವ ಸರಕು, ವಸತಿ, ಸೇವೆಗಳನ್ನು ಅವರಿಗೆ ನಿರಾಕರಿಸಬಾರದು ಎಂದು ನೇರವಾಗಿಯೇ ಹೇಳುತ್ತದೆ. ಗೇಟಿನ ಹೊರಗೆ ನಿಂತಿದ್ದ ಆ ಇಬ್ಬರಂಥವರಿಗೆ ಅಷ್ಟು ನೇರವಾದ ಕಾಯ್ದೆ ಇಲ್ಲ. ಸಂವಿಧಾನದ ಸಾಲು ಹಿಡಿದು ಹೈಕೋರ್ಟಿನ ಮೆಟ್ಟಿಲು ಹತ್ತಬೇಕು. ಮಳೆಯಲ್ಲಿ ರಾತ್ರಿ ತಂಗಲು ಜಾಗ ಹುಡುಕುವವರಿಗೆ ಅದರಿಂದ ಆಗುವ ಉಪಕಾರ ಎಷ್ಟು? ಈ ಕೊರತೆ ನೀಗಲೇಬೇಕು.

ಚಿಕ್ಕಪ್ಪನದಕ್ಕೆ ಬಹಳ ಹತ್ತಿರದ ಮೊಕದ್ದಮೆಯೊಂದು ಬ್ರಿಟನ್ನಿನಲ್ಲಿ ನಡೆದಿದೆ. ಕಾರ್ನ್‌ವಾಲ್‌ನಲ್ಲಿ ಸಣ್ಣ ಹೋಟೆಲ್ ನಡೆಸುತ್ತಿದ್ದ ಕ್ರೈಸ್ತ ದಂಪತಿ, ಮದುವೆಯಾದ ಗಂಡು ಹೆಣ್ಣಿಗೆ ಮಾತ್ರ ಜೋಡಿ ಹಾಸಿಗೆಯ ಕೋಣೆ ಎಂದು ನಿಯಮ ಮಾಡಿಕೊಂಡಿದ್ದರು. 2008ರಲ್ಲಿ ಇಬ್ಬರು ಗಂಡಸರ ಜೋಡಿಗೆ ಕೋಣೆ ನಿರಾಕರಿಸಿದರು. 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಸೋತರು. ಅವರ ನಂಬಿಕೆ ಪ್ರಾಮಾಣಿಕವಲ್ಲ ಎಂದು ಯಾರೂ ಹೇಳಲಿಲ್ಲ.

ಇನ್ನೊಂದು ಬಗೆಯ ಮೊಕದ್ದಮೆಯೂ ಇದೆ, ಪದದ ಹಳೆಯ ಅರ್ಥದ ವಿವೇಚನೆ ಬೇಕಾಗುವುದು ಅಲ್ಲಿ. ಬೆಲ್‌ಫಾಸ್ಟಿನ ಬೇಕರಿಯೊಂದು ಸಲಿಂಗ ವಿವಾಹವನ್ನು ಬೆಂಬಲಿಸಿ ಎಂಬ ಬರಹವನ್ನು ಕೇಕಿನ ಮೇಲೆ ಬರೆಯಲು ಒಪ್ಪಲಿಲ್ಲ. 2018ರಲ್ಲಿ ಅದೇ ಬ್ರಿಟನ್ ಸುಪ್ರೀಂ ಕೋರ್ಟ್ ಬೇಕರಿಯ ಪರ ತೀರ್ಪು ಕೊಟ್ಟಿತು: ಆಕ್ಷೇಪ ಇದ್ದದ್ದು ಬರಹದ ಬಗ್ಗೆ, ಅದನ್ನು ಯಾರು ಕೇಳಿದ್ದರೂ ಅವರು ಬರೆಯುತ್ತಿರಲಿಲ್ಲ. ಅದೇ ವರ್ಷ ಅಮೆರಿಕದ ಕೊಲರಾಡೋದ ಕೇಕ್ ತಯಾರಕನ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ರಾಜ್ಯದ ಆಯೋಗ ಆತನ ಧರ್ಮದ ಬಗ್ಗೆ ಹಗೆತನ ತೋರಿತೆಂಬ ಕಾರಣಕ್ಕೆ ಆತನ ಪರ ನಿಂತು ಮುಖ್ಯ ಪ್ರಶ್ನೆಯನ್ನು ಹಾಗೇ ಬಿಟ್ಟಿತು. 2023ರಲ್ಲಿ ವೆಬ್‌ಸೈಟ್ ವಿನ್ಯಾಸಕಿಯೊಬ್ಬರ ಪ್ರಕರಣದಲ್ಲಿ, ತಾನು ಒಪ್ಪದ ಮಾತನ್ನು ರೂಪಿಸುವಂತೆ ಯಾರನ್ನೂ ಬಲವಂತ ಮಾಡಲಾಗದು ಎಂದು 6–3ರ ಬಹುಮತದಲ್ಲಿ ಹೇಳಿತು. ವ್ಯಕ್ತಿಗೂ ಸಂದೇಶಕ್ಕೂ ನಡುವೆ ಗೆರೆ ಎಳೆಯುವುದನ್ನು ನಾನು ಒಪ್ಪುತ್ತೇನೆ. ಆದರೆ ಪ್ರತಿಯೊಂದು ಸೇವೆಯನ್ನೂ ‘ಸಂದೇಶ’ ಎಂದು ಕರೆಯಲು ಹೊರಟರೆ ಆ ಗೆರೆ ಉಳಿಯುವುದಿಲ್ಲ.

ಚಿಕ್ಕಪ್ಪ ಈಗಲೂ ಕೇಳುತ್ತಾರೆ: “ಹಾಗಾದರೆ ನನ್ನ ನಂಬಿಕೆಗೆ ಬೆಲೆಯೇ ಇಲ್ಲವೇ?” ಇದೆ. ಅವರ ದೇವರ ಕೋಣೆಗೆ ಯಾರು ಬರಬೇಕು ಎಂಬುದನ್ನು ಅವರೇ ಹೇಳಬಹುದು. ಆ ಇಬ್ಬರ ಮದುವೆಯ ಕರೆಯೋಲೆ ಬಂದರೆ ಹೋಗದಿರಬಹುದು, ಅಂಥ ಮದುವೆಯನ್ನು ಮೆಚ್ಚುವ ಫಲಕವನ್ನು ಗೇಟಿಗೆ ಕಟ್ಟಲು ಒಲ್ಲೆ ಎನ್ನಬಹುದು. ಆದರೆ ದುಡ್ಡು ಪಡೆದು ಕೋಣೆಯ ಬೀಗದ ಕೈ ಕೊಟ್ಟು, ಬೆಳಿಗ್ಗೆ ಅಕ್ಕಿ ರೊಟ್ಟಿ ಬಡಿಸಿದರೆ ಅವರು ಯಾವ ಮದುವೆಯನ್ನೂ ಮೆಚ್ಚಿದಂತಾಗುವುದಿಲ್ಲ. ಆ ಸಂಜೆ ಬಂದವರು ಕೇಳಿದ್ದೂ ಅದನ್ನಷ್ಟೇ.